ಚಂದ್ರದ್ರೋಣ ಪರ್ವತದಲ್ಲಿ ರೈತರ ಒಂದು ದಿನದ ಸಂಚಾರ

ಬಯಲುಸೀಮೆಯ ರೈತರು ಬೆಟ್ಟದ ಸೀಮೆಗೆ ಹೋಗುತ್ತಿದ್ದುದು ಹಿಂದೆ ಸಾಮಾನ್ಯವಾಗಿ ಎರಡು ಕಾರಣಗಳಿಂದ ಮಾತ್ರ. ಒಂದು ದೇವರ ದರ್ಶನ, ಮತ್ತೊಂದು ತೋಟದ ಕೂಲಿ. ಈಚಿನ ವರ್ಷಗಳಲ್ಲಿ ಇವುಗಳೊಡನೆ ಮೂರನೆಯದೊಂದು ಸೇರಿರುವುದು. ಅದು ಬೆಟ್ಟವನ್ನು ನೋಡಿ ಬರುವುದಕ್ಕಾಗಿಯೇ ಮಾಡುವ ಒಂದು ದಿನದ ಪ್ರಯಾಣ. ಹೀಗೆ ಹೋದವರು ಮಂಜನ್ನು ಕಂಡು, ಚಿತ್ರಗಳನ್ನು ತೆಗೆದುಕೊಂಡು, ಬುತ್ತಿಯನ್ನು ಮುಗಿಸಿ ಸಂಜೆಗೆ ಹಿಂದಿರುಗುವರು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇದೇ ಪ್ರಯಾಣವನ್ನು ಇದೇ ವೆಚ್ಚದಲ್ಲಿ, ಸ್ಥಳವನ್ನು ಬಲ್ಲ ಮಾರ್ಗದರ್ಶಕನೊಬ್ಬನೊಡನೆ ಕ್ರಮವಾಗಿ ಮಾಡಿದರೆ, ತಮ್ಮ ಊರಿನ ಕೆರೆಯು ಒಂದು ವರ್ಷ ತುಂಬಿ ಮತ್ತೊಂದು ವರ್ಷ ಏಕೆ ಬರಿದಾಗುವುದೆಂಬುದನ್ನು ಪ್ರತಿಯೊಬ್ಬ ಹಿಡುವಳಿದಾರನೂ ಕಣ್ಣಾರೆ ಕಂಡು ಬರಬಹುದು. ಇಂಥ ಸಂಚಾರಕ್ಕೆ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಕ್ಕಿಂತ ಅನುಕೂಲವಾದ ಸ್ಥಳವು ದೊರೆಯುವುದು ಕಷ್ಟ. ಆದಕಾರಣ ಆ ಗಿರಿಯ ಸಂಚಾರವನ್ನು ಹೇಗೆ ಏರ್ಪಡಿಸಬೇಕು, ಅಲ್ಲಿ ಏನನ್ನು ನೋಡಬೇಕು, ನೋಡಿದುದನ್ನು ಊರಿನಲ್ಲಿ ಹೇಗೆ ಬಳಸಬೇಕು ಎಂಬ ಸಂಗತಿಗಳು ಇಲ್ಲಿ ವಿವರಿಸಲ್ಪಟ್ಟಿವೆ.

ಗಿರಿಯ ಸ್ವರೂಪ

ಬಾಬಾಬುಡನ್‌ಗಿರಿ ಎಂದೂ ಹೆಸರಾದ ಈ ಪರ್ವತಶ್ರೇಣಿಯು ಕುದುರೆಯ ಲಾಳದಂತೆ ಬಾಗಿರುವುದು. ಲಾಳದ ಒಳಭಾಗದಲ್ಲಿರುವ ತಗ್ಗೇ ಜಾಗರದ ಕಣಿವೆ. ಶ್ರೇಣಿಯಲ್ಲಿ ಅತ್ಯುನ್ನತವಾದ ಮುಳ್ಳಯ್ಯನಗಿರಿಯು ಸಮುದ್ರಮಟ್ಟಕ್ಕಿಂತ ಸುಮಾರು ೬,೩೦೦ ಅಡಿ, ಎಂದರೆ ೧,೯೩೦ ಮೀಟರು ಎತ್ತರವಾಗಿದ್ದು, ಕರ್ನಾಟಕದ ಎಲ್ಲ ಶಿಖರಗಳಿಗಿಂತ ಮೇಲಿನದಾಗಿದೆ. ಕೆಳಗಿನ ಚಿಕ್ಕಮಗಳೂರು ಪಟ್ಟಣವು ಸುಮಾರು ೩,೫೦೦ ಅಡಿಯ ಮಟ್ಟದಲ್ಲಿರುವುದು. ಸಾವಿರ ಮೀಟರು ಏರಿದರೆ ಶಾಖವು ಸುಮಾರು ಆರು ಡಿಗ್ರಿ ಇಳಿಯುವುದಾದ್ದರಿಂದ, ಪಟ್ಟಣದಿಂದ ಶಿಖರಕ್ಕೆ ಹೋಗುವಷ್ಟರಲ್ಲಿ ಚಳಿಯು ಐದು ಡಿಗ್ರಿಯಷ್ಟು ಹೆಚ್ಚಿರುವುದು. ಬಯಲಿನಿಂದ ಬರುವವರು, ಮುಖ್ಯವಾಗಿ ವಯಸ್ಸಾದವರು, ಕಂಬಳಿಯನ್ನು ಮರೆಯಬಾರದು.

ನೈಋತ್ಯ ದಿಕ್ಕಿನಿಂದ ಬೀಸುವ ಮುಂಗಾರಿನ ಗಾಳಿಯು ಸಮುದ್ರದ ನೀರಾವಿಯನ್ನು ಹೊತ್ತು ಬಂದು, ಘಟ್ಟಗಳಿಗೆ ತಾಗಿ, ಮೇಲೇರಿ ತಣ್ಣಗಾಗಿ ಮಳೆಗರೆಯುವುದು. ಗಿರಿಯನ್ನು ದಾಟಿದ ಮೇಲೆ ಆ ಗಾಳಿಯಲ್ಲಿ ಉಳಿಯುವ ತೇವವು ಬಹಳ ಸ್ವಲ್ಪ. ಕಡೂರಿನ ಕಡೆಗೆ ವರ್ಷಕ್ಕೆ ಸುಮಾರು ೨೫ ಅಂಗುಲ ಮಳೆ ಮಾತ್ರ ಬೀಳುವುದಕ್ಕೆ ಇದೇ ಕಾರಣ. ಆ ಸೀಮೆಯವರು ಗಿರಿಯು ತಮ್ಮ ಮಳೆಯನ್ನು ತಡೆಯಿತೆಂದು ಹೇಳುವುದುಂಟು. ಮಾತು ನಿಜವೇ, ಆದರೆ ಅರ್ಧ ನಿಜ. ತಡೆದ ನೀರನ್ನು ಹಳ್ಳಗಳ ಮೂಲಕ ಅದೇ ಸೀಮೆಗೆ ತಿಂಗಳುಗಟ್ಟಲೆ ಕಳುಹಿಸಿಕೊಡುವುದೂ ಅದೇ ಗಿರಿಯೇ. ಈ ಉಳಿದರ್ಧವನ್ನು ತೋರಿಸುವುದೇ ಸಂಚಾರದ ಮುಖ್ಯ ಉದ್ದೇಶವಾಗಿರಬೇಕು.

ಹೊರಡುವ ಕಾಲ ಮತ್ತು ಏರ್ಪಾಡು

ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಗಿರಿಯಲ್ಲಿ ಮಳೆಯೂ ಗಾಳಿಯೂ ಬಲವಾಗಿದ್ದು, ಹತ್ತು ಮಾರಿನ ಆಚೆಗೆ ಏನೂ ಕಾಣದಿರುವುದು ಸಾಮಾನ್ಯ. ರಸ್ತೆಯ ಮೇಲೆ ಮಣ್ಣು ಕುಸಿಯುವ ಭಯವೂ ಉಂಟು. ಕಾಲಿಗೆ ಇಂಬಳಗಳು ಹತ್ತುವುವು. ಫೆಬ್ರುವರಿಯಿಂದ ಏಪ್ರಿಲಿನವರೆಗೆ ಹುಲ್ಲು ಒಣಗಿ ಬೆಂಕಿಯ ಭಯವಿರುವುದರಿಂದ ಅರಣ್ಯದ ಕಾಲುದಾರಿಗಳಿಗೆ ಪ್ರವೇಶವನ್ನು ನಿಲ್ಲಿಸುವುದುಂಟು. ಆದಕಾರಣ ಅಕ್ಟೋಬರಿನ ಕೊನೆಯಿಂದ ಜನವರಿಯವರೆಗಿನ ಕಾಲವೇ ಯುಕ್ತವಾದುದು. ಆಗ ಒರತೆಗಳು ಜೀವಂತವಾಗಿರುವುವು, ದೃಷ್ಟಿ ದೂರ ಹರಿಯುವುದು, ಕಾಫಿಯ ಕೊಯ್ಲೂ ನಡೆಯುತ್ತಿರುವುದು.

ತಂಡದಲ್ಲಿ ಇಪ್ಪತ್ತೈದು ಅಥವಾ ಮೂವತ್ತು ಜನರಿಗಿಂತ ಹೆಚ್ಚು ಇರಬಾರದು. ಹೆಚ್ಚಾದರೆ ಹಿಂದಿನವರಿಗೆ ಮಾರ್ಗದರ್ಶಕನ ಮಾತು ಕೇಳಿಸದು. ಮುಖಂಡರು ತಮ್ಮ ಬಂಧುಗಳನ್ನೇ ಆರಿಸದೆ, ಕೆರೆಯ ಅಚ್ಚುಕಟ್ಟಿನ ತಲೆ, ನಡು, ಬಾಲ ಈ ಮೂರು ಭಾಗಗಳಿಂದಲೂ ಹಿಡುವಳಿದಾರರನ್ನು ಕರೆದುಕೊಳ್ಳಬೇಕು. ತೂಬಿನ ಉಸ್ತುವಾರಿಯಿರುವ ನೀರುಗಂಟಿಯನ್ನೂ, ಕುರಿ ದನಗಳನ್ನು ಮೇಯಿಸುವವರಲ್ಲಿ ಒಬ್ಬರಿಬ್ಬರನ್ನೂ ಸೇರಿಸುವುದು ಅತ್ಯವಶ್ಯಕ. ಹೆಂಗಸರು ಬರುವುದಾದರೆ ಮತ್ತೂ ಒಳ್ಳೆಯದು; ಬೇಸಗೆಯಲ್ಲಿ ನೀರಿನ ಕೊರತೆಯ ಭಾರವನ್ನು ಮೊದಲು ಹೊರುವವರು ಅವರೇ ಆಗಿರುತ್ತಾರೆ.

ಗಿರಿಗೆ ಬರುವ ವಾಹನಗಳ ಸಂದಣಿಯು ಮಿತಿಮೀರಿದುದರಿಂದ, ೨೦೨೫ರ ಸೆಪ್ಟೆಂಬರಿನಲ್ಲಿ ಮುಂಗಡ ನೋಂದಣಿಯ ಏರ್ಪಾಡು ಜಾರಿಗೆ ಬಂದಿತು. ಆದ್ದರಿಂದ ಹೊರಡುವ ದಿನ ನಡೆಯುತ್ತಿರುವ ನಿಯಮವನ್ನು ಮುಂಚಿತವಾಗಿಯೇ ವಿಚಾರಿಸಿ, ನೋಂದಣಿ ಮಾಡಿಸಿಕೊಂಡು ಹೋಗತಕ್ಕದ್ದು. ಇಲ್ಲದಿದ್ದರೆ ಕೈಮರದ ತಪಾಸಣಾ ಕಟ್ಟೆಯಿಂದಲೇ ಹಿಂದಿರುಗಬೇಕಾದೀತು.

ಮಾರ್ಗದರ್ಶಕನ ಆಯ್ಕೆ

ಸಂಚಾರದ ಫಲವು ಮುಕ್ಕಾಲು ಪಾಲು ಮಾರ್ಗದರ್ಶಕನನ್ನು ಅವಲಂಬಿಸಿರುವುದು. ಶಿಖರಗಳ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳುವವನು ಮಾರ್ಗದರ್ಶಕನಲ್ಲ. ಯಾವ ಹಳ್ಳವು ಯಾವ ತಿಂಗಳಿನಲ್ಲಿ ನಿಲ್ಲುವುದು, ಯಾವ ಇಳಿಜಾರು ಯಾವ ವರ್ಷ ಕುಸಿಯಿತು, ಯಾವ ಮರದ ಕೆಳಗೆ ಮಣ್ಣು ಕಪ್ಪಾಗಿರುವುದು ಎಂಬುದನ್ನು ಬಲ್ಲವನು ಬೇಕು. ಅರಣ್ಯದ ಕಾವಲಿನಲ್ಲಿದ್ದು ನಿವೃತ್ತರಾದವರು, ಕಾಫಿ ತೋಟದಲ್ಲಿ ರೈಟರಾಗಿದ್ದ ಹಿರಿಯರು, ಗಿರಿಯ ಊರುಗಳಲ್ಲಿಯೇ ಹುಟ್ಟಿ ಬೆಳೆದ ವಿದ್ಯಾವಂತ ತರುಣರು ಈ ಕೆಲಸಕ್ಕೆ ತಕ್ಕವರು. ಇಂಥವರಿಗೆ ದಿನದ ಕೂಲಿಯನ್ನು ಮೊದಲೇ ನಿಶ್ಚಯಿಸಿ, ಚೌಕಾಸಿ ಮಾಡದೆ ಕೊಡುವುದು ಯೋಗ್ಯ. ಗಿರಿಯನ್ನು ಕೆಡಿಸದೆ ಗಿರಿಯಿಂದ ಜೀವನ ಮಾಡುವ ದಾರಿಗಳಲ್ಲಿ ಇದೂ ಒಂದಾಗಿರುವುದರಿಂದ, ಈ ಹಣವು ವ್ಯರ್ಥವಾದುದೆಂದು ಯಾರೂ ತಿಳಿಯಬಾರದು. ಕಾಲುದಾರಿಗಳಲ್ಲಿ ನಡೆಯುವುದಾದರೆ ಅರಣ್ಯ ಇಲಾಖೆಯ ಅನುಮತಿಯನ್ನು ಪಡೆಯತಕ್ಕದ್ದು.

ಬೆಳಗ್ಗೆ: ಶಿಖರದ ಮೇಲೆ

ಕಡೂರಿನಿಂದ ಚಿಕ್ಕಮಗಳೂರಿಗೆ ಸುಮಾರು ೪೦ ಕಿಲೋಮೀಟರು. ಬೆಳಗಿನ ಐದು ಗಂಟೆಗೆ ಹೊರಟರೆ ಕೈಮರವನ್ನು ದಾಟಿ, ಸೀತಾಳಯ್ಯನಗಿರಿಯ ಮಾರ್ಗವಾಗಿ ಎಂಟು ಗಂಟೆಯೊಳಗೆ ಮುಳ್ಳಯ್ಯನಗಿರಿಯ ಬುಡವನ್ನು ಸೇರಬಹುದು. ಅಲ್ಲಿಂದ ಮೆಟ್ಟಿಲುಗಳನ್ನು ಹತ್ತಿದರೆ ಶಿಖರದ ಮೇಲೆ ಮುಳ್ಳಪ್ಪಸ್ವಾಮಿಯ ಗುಡಿಯಿರುವುದು. ಇಲ್ಲಿ ಮಾರ್ಗದರ್ಶಕನು ಮೊದಲು ತೋರಿಸಬೇಕಾದುದು ನೀರು ಅಗಲುವ ಬೆನ್ನನ್ನು.

ಈ ಶ್ರೇಣಿಯ ಮೂಡಣ ಮಗ್ಗುಲಲ್ಲಿ ವೇದಾ ಮತ್ತು ಆವತಿ ಎಂಬ ಎರಡು ಹಳ್ಳಗಳು ಹುಟ್ಟುವುವು. ವೇದೆಯು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನೂ, ಆವತಿಯು ಮದಗದಕೆರೆಯನ್ನೂ ತುಂಬಿ, ಕಡೂರಿನ ಸಮೀಪದಲ್ಲಿ ಒಂದುಗೂಡಿ ವೇದಾವತಿಯಾಗಿ ಹರಿಯುವುವು. ಹಿರಿಯೂರಿನ ಮೇಲೆ ಮಾರಿಕಣಿವೆಯಲ್ಲಿ ಅದಕ್ಕೆ ಕಟ್ಟಿದ ವಾಣೀವಿಲಾಸಸಾಗರವು ೧೯೦೭ರಲ್ಲಿ ಪೂರ್ತಿಯಾಯಿತು. ಅದರ ಮುಂದೆ ಹಗರಿಯೆಂಬ ಹೆಸರಿನಿಂದ ಅದು ತುಂಗಭದ್ರೆಯನ್ನು ಸೇರುವುದು. ಲಾಳದ ಒಳಮಗ್ಗುಲಾದ ಜಾಗರದ ಹಳ್ಳಗಳ ನೀರು ಭದ್ರೆಗೆ ಹೋಗುವುದು. ಇದೇ ಬೆಟ್ಟಗಳಲ್ಲಿ ಹುಟ್ಟುವ ಯಗಚಿಯು ಬೇಲೂರಿನ ಕಡೆಗೆ ಹರಿದು ಹೇಮಾವತಿಯನ್ನು ಕೂಡಿ, ಅಲ್ಲಿಂದ ಕಾವೇರಿಯನ್ನು ಸೇರುವುದು. ಹೀಗೆ ಒಂದೇ ಮೋಡದಿಂದ ಬಿದ್ದ ಹನಿಗಳಲ್ಲಿ ಕೆಲವು ಕೃಷ್ಣೆಗೂ ಕೆಲವು ಕಾವೇರಿಗೂ ಪಾಲಾಗುವುವು. ಹಿರಿಯೂರಿನ ತೆಂಗು, ಕಡೂರಿನ ರಾಗಿ, ಬೇಲೂರಿನ ಬತ್ತ ಇವೆಲ್ಲವೂ ಈ ಒಂದು ಗಿರಿಗೆ ಸಾಲಗಾರರೆಂಬುದು ಅಲ್ಲಿ ನಿಂತವರಿಗೆ ಬೋಧಪಡಿಸದೆಯೇ ಮನವರಿಕೆಯಾಗುವುದು.

ಎರಡನೆಯದಾಗಿ ನೋಡಬೇಕಾದುದು ಹುಲ್ಲು ಮತ್ತು ಶೋಲಾ ಕಾಡು. ಬೆಟ್ಟದ ಬೆನ್ನುಗಳ ಮೇಲೆ ಮರವಿಲ್ಲದೆ ಬರಿಯ ಹುಲ್ಲಿರುವುದು. ಎರಡು ಬೆನ್ನುಗಳ ನಡುವಿನ ಮಡಿಕೆಗಳಲ್ಲಿ ಮಾತ್ರ ಗಿಡ್ಡವಾದ, ಒತ್ತಾದ, ಪಾಚಿ ಹತ್ತಿದ ಮರಗಳ ಕಾಡು ಇರುವುದು. ಬಯಲಿನವರು ಈ ಹುಲ್ಲನ್ನು ಕಂಡು ಕಾಡು ಕಡಿದುಹೋದ ಬರಡು ನೆಲವೆಂದು ಭಾವಿಸುವುದು ಸಹಜ. ಅದು ಸರಿಯಲ್ಲ. ಗಾಳಿಯ ಹೊಡೆತಕ್ಕೂ ತೆಳುವಾದ ಮಣ್ಣಿಗೂ ಹೊಂದಿಕೊಂಡು ಹುಟ್ಟಿನಿಂದಲೂ ಇರುವ ಹುಲ್ಲುಗಾವಲು ಅದು. ಹನ್ನೆರಡು ವರ್ಷಕ್ಕೊಮ್ಮೆ ಹೂಬಿಡುವ ನೀಲಕುರಿಂಜಿಯು ಇಂಥ ಇಳಿಜಾರುಗಳಲ್ಲಿಯೇ ಬೆಳೆಯುವುದು. ಈ ಶ್ರೇಣಿಯಲ್ಲಿ ೨೦೨೨ರಲ್ಲಿ ಅದು ಹೇರಳವಾಗಿ ಅರಳಿದ್ದಿತು. ಒತ್ತಾದ ಹುಲ್ಲಿನ ಬೇರು ಮಣ್ಣನ್ನು ಹಿಡಿಯುವುದು. ಅದರ ಮೂಲಕ ಇಂಗಿದ ನೀರು ಶೋಲಾದ ತರಗೆಲೆಯ ಕೆಳಗಿನ ಕಪ್ಪು ಮಣ್ಣಿನಲ್ಲಿ ತಂಗಿ, ಒರತೆಯಾಗಿ ನಿಧಾನವಾಗಿ ಹೊರಬರುವುದು.

ಮರವೇ ಮಳೆಯನ್ನು ತರುವುದೆಂದು ಸಾಮಾನ್ಯವಾಗಿ ಹೇಳುವರು. ಗಿರಿಯ ಮಳೆಯು ಮುಖ್ಯವಾಗಿ ಸಮುದ್ರದ ಗಾಳಿಯಿಂದಲೂ ಬೆಟ್ಟದ ಎತ್ತರದಿಂದಲೂ ಬರುವುದು. ಬಂದ ಮಳೆಯು ನೆಲದಲ್ಲಿ ಎಷ್ಟು ದಿನ ನಿಲ್ಲಬೇಕೆಂಬುದನ್ನು ಗೊತ್ತುಮಾಡುವುದು ಹುಲ್ಲು, ಕಾಡು ಮತ್ತು ಮಣ್ಣು. ಈ ಭೇದವನ್ನು ತಿಳಿಯದೆ ಹುಲ್ಲುಗಾವಲಿನಲ್ಲಿ ಬೇಗ ಬೆಳೆಯುವ ಮರಗಳನ್ನು ನೆಟ್ಟರೆ ಉಪಕಾರಕ್ಕೆ ಬದಲು ಅಪಕಾರವಾಗುವುದುಂಟು. ಉದಕಮಂಡಲದ ಕಡೆ ಹುಲ್ಲುಗಾವಲಿನಲ್ಲಿ ನೀಲಗಿರಿ ಮರಗಳನ್ನು ಬೆಳೆಸಿ ನಡೆಸಿದ ಪರೀಕ್ಷೆಗಳಲ್ಲಿ ಹಳ್ಳದ ನೀರು ಕಡಿಮೆಯಾದುದು ಕಂಡುಬಂದಿದೆ.

ಈ ವಿಷಯವನ್ನು ಮನದಟ್ಟುಮಾಡುವುದಕ್ಕೆ ಒಂದು ಸುಲಭವಾದ ಪರೀಕ್ಷೆಯುಂಟು. ಜನರು ತುಳಿದು ಗಟ್ಟಿಯಾದ ದಾರಿಯ ಮೇಲೆ ಒಂದು ಚೊಂಬು ನೀರನ್ನು ಸುರಿಯಬೇಕು. ಅದರ ಪಕ್ಕದ ತುಳಿಯದ ಹುಲ್ಲಿನ ಅಂಚಿನಲ್ಲಿ ಮತ್ತೊಂದು ಚೊಂಬು ಸುರಿಯಬೇಕು. ಮೊದಲನೆಯದು ಕೆಂಪಾಗಿ ಹರಿದು ಇಳಿಜಾರನ್ನು ಹಿಡಿಯುವುದು. ಎರಡನೆಯದು ನಿಂತಲ್ಲಿಯೇ ಮಾಯವಾಗುವುದು. ಒಂದು ಎಕರೆಯ ಮೇಲೆ ಬಿದ್ದ ಒಂದು ಅಂಗುಲ ಮಳೆಯು ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಹೆಚ್ಚಾದ ನೀರಾಗುವುದು. ಈ ಲಕ್ಷ ಲೀಟರು ಮೊದಲನೆಯ ಚೊಂಬಿನ ದಾರಿಯನ್ನು ಹಿಡಿದರೆ ಕೆರೆಗೆ ಒಂದೇ ದಿನ ಹೂಳಿನೊಡನೆ ನುಗ್ಗುವುದು. ಎರಡನೆಯದರ ದಾರಿಯನ್ನು ಹಿಡಿದರೆ ಪುಷ್ಯಮಾಸದವರೆಗೂ ತಿಳಿಯಾಗಿ ಬರುತ್ತಿರುವುದು.

ಹೊತ್ತೇರಿದ ಮೇಲೆ: ಬಾಬಾಬುಡನ್‌ಗಿರಿ ಮತ್ತು ಮಾಣಿಕ್ಯಧಾರೆ

ಮುಳ್ಳಯ್ಯನಗಿರಿಯಿಂದ ಇಳಿದು, ಕವಿಕಲ್ ಗಂಡಿಯ ರಸ್ತೆಯನ್ನು ಹಿಡಿದು ಹೋದರೆ ಹಿಂದೂಗಳೂ ಮುಸಲ್ಮಾನರೂ ಭಕ್ತಿಯಿಂದ ದರ್ಶನ ಮಾಡುವ ಗುಹೆಯು ದೊರೆಯುವುದು. ಬಾಬಾಬುಡನ್ ಎಂಬ ಸಾಧುವು ೧೭ನೆಯ ಶತಮಾನದಲ್ಲಿ ಯೆಮೆನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದನೆಂದು ಪ್ರತೀತಿಯುಂಟು. ದಕ್ಷಿಣ ಹಿಂದೂಸ್ಥಾನದ ಕಾಫಿ ಬೇಸಾಯಕ್ಕೆ ಅದೇ ಮೂಲವೆಂದು ಹೇಳುವರು.

ಅಲ್ಲಿಂದ ಸ್ವಲ್ಪ ದೂರದಲ್ಲಿರುವ ಮಾಣಿಕ್ಯಧಾರೆಯು ಬಂಡೆಯಿಂದ ಹನಿಹನಿಯಾಗಿ ಬೀಳುವ ಒರತೆಯ ನೀರು. ಇಲ್ಲಿ ಸ್ನಾನ ಮಾಡಿದವರು ಉಟ್ಟ ಬಟ್ಟೆಯನ್ನು ಬಿಟ್ಟುಹೋಗುವ ರೂಢಿಯೊಂದು ಬೆಳೆದುಬಂದಿದೆ. ಭಕ್ತಿಯ ಬಗ್ಗೆ ಆಕ್ಷೇಪಣೆಯೇನೂ ಇಲ್ಲ. ಆದರೆ ಹಳೆಯ ಬಟ್ಟೆ, ಪ್ಲಾಸ್ಟಿಕ್ ಚೀಲ ಮತ್ತು ಸೀಸೆಗಳು ಹಳ್ಳದ ಬಾಯನ್ನು ಕಟ್ಟಿ, ಮಳೆಯಲ್ಲಿ ಕೊಚ್ಚಿಕೊಂಡು ಕೆಳಗಿಳಿಯುವುವು. ಪುಣ್ಯತೀರ್ಥವನ್ನು ತಲೆಯ ಮೇಲೆ ಹಾಕಿಕೊಂಡವರು ಅದೇ ತೀರ್ಥವನ್ನು ಕೆಳಗಿನ ಊರಿನ ದನಗಳಿಗೆ ಕೊಳೆಯಾಗಿ ಕಳುಹಿಸುವುದು ಯಾವ ಧರ್ಮಕ್ಕೂ ಒಪ್ಪುವುದಲ್ಲ. ತಂಡದವರು ತಾವು ತಂದುದನ್ನೆಲ್ಲ ಹಿಂದಕ್ಕೆ ಒಯ್ಯುವುದಕ್ಕಾಗಿ ಎರಡು ಗೋಣಿಚೀಲಗಳನ್ನು ಜೊತೆಯಲ್ಲಿಟ್ಟುಕೊಳ್ಳತಕ್ಕದ್ದು.

ದಾರಿಯುದ್ದಕ್ಕೂ ರಸ್ತೆಗಾಗಿ ಇಳಿಜಾರನ್ನು ಕಡಿದಿರುವ ಜಾಗಗಳನ್ನು ಗಮನಿಸಬೇಕು. ಇಳಿಜಾರಿನ ಬುಡವನ್ನು ನೆಟ್ಟಗೆ ಕಡಿದು, ಮೇಲಿನ ನೀರಿಗೆ ಚರಂಡಿಯನ್ನು ಬಿಡದೆ ಹೋದರೆ, ನೀರು ಕುಡಿದು ಭಾರವಾದ ಮಣ್ಣು ಆಧಾರವಿಲ್ಲದೆ ಜಾರುವುದು. ೨೦೧೯ರ ಆಗಸ್ಟ್ ತಿಂಗಳಿನ ಅತಿವೃಷ್ಟಿಯಲ್ಲಿ ಇದೇ ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದು ಮನೆಗಳೂ ತೋಟಗಳೂ ನಷ್ಟವಾದುವು. ಅತಿವೃಷ್ಟಿಯು ಮನುಷ್ಯನ ಕೈಯಲ್ಲಿಲ್ಲ. ಇಳಿಜಾರನ್ನು ಕಡಿಯುವ ರೀತಿಯು ಅವನ ಕೈಯಲ್ಲಿರುವುದು.

ಮಧ್ಯಾಹ್ನ: ಕಾಫಿಯ ತೋಟ

ಊಟದ ನಂತರ, ಮೊದಲೇ ಒಪ್ಪಿಗೆ ಪಡೆದಿದ್ದ ತೋಟವೊಂದನ್ನು ನೋಡಬೇಕು. ಅರಾಬಿಕಾ ಕಾಫಿಯು ಇಲ್ಲಿ ನೆರಳಿನಲ್ಲಿಯೇ ಬೆಳೆಯುವುದು. ಮೇಲೆ ಅತ್ತಿ, ಹಲಸು ಮೊದಲಾದ ಕಾಡುಮರಗಳು, ಅವುಗಳ ಕೆಳಗೆ ಹಾಲುವಾಣ, ಮರಗಳ ಮೈಮೇಲೆ ಮೆಣಸಿನ ಬಳ್ಳಿ, ಎಲ್ಲಕ್ಕೂ ಕೆಳಗೆ ಕಾಫಿ, ಹೀಗೆ ಅಂತಸ್ತುಗಳಾಗಿರುವುದು. ಈ ನೆರಳು ವ್ಯರ್ಥವಾದುದಲ್ಲ. ಬಿಳಿ ಕಾಂಡಕೊರಕದ ಕೀಟವು ಬಿಸಿಲು ಬೀಳುವ ಗಿಡಗಳನ್ನೇ ಹೆಚ್ಚಾಗಿ ಆರಿಸಿ, ತೊಗಟೆಯ ಸಂದುಗಳಲ್ಲಿ ಮೊಟ್ಟೆಯಿಡುವುದರಿಂದ ನೆರಳು ಕಡಿಮೆಯಾದ ತೋಟದಲ್ಲಿ ನಷ್ಟವು ಅಧಿಕ. ಇಂಥ ವಿಷಯಗಳ ಪರಿಶೋಧನೆಗಾಗಿ ಬಾಳೆಹೊನ್ನೂರಿನಲ್ಲಿ ಮೈಸೂರು ಸರ್ಕಾರದವರು ೧೯೨೫ರಲ್ಲಿ ಸ್ಥಾಪಿಸಿದ ಪ್ರಯೋಗಕ್ಷೇತ್ರವೇ ಮುಂದೆ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಯಿತು.

ಬಯಲುಸೀಮೆಯ ರೈತರಿಗೆ ಇಲ್ಲಿ ವಿಶೇಷವಾಗಿ ಉಪಯೋಗವಾಗುವುದು ತೊಟ್ಟಿಲುಗುಂಡಿ. ಇಳಿಜಾರಿಗೆ ಅಡ್ಡಲಾಗಿ, ಗಿಡಗಳ ಸಾಲುಗಳ ನಡುವೆ, ಉದ್ದವಾದ ಸಣ್ಣ ಗುಂಡಿಗಳನ್ನು ಒಂದು ಬಿಟ್ಟು ಒಂದರಂತೆ ತೆಗೆದಿರುವರು. ಮಳೆಯ ನೀರು ಅವುಗಳಲ್ಲಿ ನಿಂತು ಇಂಗುವುದು. ಕೊಚ್ಚಿ ಬಂದ ಮೇಲ್ಮಣ್ಣೂ ತರಗೂ ಅಲ್ಲಿಯೇ ಉಳಿದು ಗೊಬ್ಬರವಾಗುವುದು. ಇದಕ್ಕೆ ಯಂತ್ರವೂ ಬೇಡ, ಹೊರಗಿನ ಸಾಮಗ್ರಿಯೂ ಬೇಡ. ಬಯಲಿನ ಮಾವಿನ ತೋಪು, ತೆಂಗಿನ ತೋಟ ಮತ್ತು ಇಳಿಜಾರಿನ ಹೊಲಗಳಲ್ಲಿ ಇದನ್ನೇ ಅನುಸರಿಸಬಹುದು.

ಕಾಫಿಯ ಹಣ್ಣನ್ನು ತೊಳೆದ ನೀರು ಎಲ್ಲಿಗೆ ಹೋಗುವುದೆಂದು ತೋಟದವರನ್ನು ವಿನಯದಿಂದ ಕೇಳುವುದೂ ಯುಕ್ತ. ಸಿಪ್ಪೆ ಮತ್ತು ಲೋಳೆಯಿಂದ ಕೂಡಿದ ಆ ನೀರು ಹಳ್ಳಕ್ಕೆ ನೇರವಾಗಿ ಬಿದ್ದರೆ ಕೊಳೆತು, ಮೀನಿಗೂ ದನಕ್ಕೂ ಕೆಡುಕನ್ನುಂಟುಮಾಡುವುದು. ಒಳ್ಳೆಯ ತೋಟಗಳಲ್ಲಿ ಅದನ್ನು ತೊಟ್ಟಿಗಳಲ್ಲಿ ನಿಲ್ಲಿಸಿ ಶುದ್ಧಿಮಾಡುವ ಏರ್ಪಾಡಿರುವುದು. ಮೇಲಿನವರೂ ಕೆಳಗಿನವರೂ ಹೀಗೆ ಮುಖಾಮುಖಿಯಾಗಿ ಮಾತನಾಡುವುದು ಅರ್ಜಿಗಳಿಗಿಂತ ಹೆಚ್ಚು ಫಲಕಾರಿ.

ಸಂಜೆ: ಅಯ್ಯನಕೆರೆ

ಹಿಂದಿರುಗುವಾಗ ಸಖರಾಯಪಟ್ಟಣದಲ್ಲಿ ತಿರುಗಿ ಶಕುನಗಿರಿಯ ಬುಡದ ಅಯ್ಯನಕೆರೆಯನ್ನು ನೋಡದೆ ಹೋಗಬಾರದು. ಬೆಳಗ್ಗೆ ಶಿಖರದ ಮೇಲೆ ಕಂಡ ಹಳ್ಳವೇ ಇಲ್ಲಿ ಏರಿಯ ಹಿಂದೆ ಕೆರೆಯಾಗಿ ನಿಂತಿರುವುದು. ಹಿಂದಿನವರು ಬೆಟ್ಟದ ಗುಣವನ್ನರಿತು ಕೆರೆಯನ್ನು ಕಟ್ಟಿದರು. ಮೇಲಿನ ಬೆಟ್ಟವು ಬರಿದಾಗಿ ಹೂಳನ್ನೇ ಕಳುಹಿಸತೊಡಗಿದರೆ ಎಂಥ ಭದ್ರವಾದ ಏರಿಯೂ ಅದನ್ನು ಉಳಿಸಲಾರದು. ಹೂಳು ತೆಗೆಯುವ ವೆಚ್ಚವು ಊರಿನ ಮೇಲೆಯೇ ಮರುಮರಳಿ ಬೀಳುವುದು.

ಕೆಳಗಿನ ವಾಣೀವಿಲಾಸಸಾಗರದ ಚರಿತ್ರೆಯೂ ಇಲ್ಲಿ ನೆನೆಯತಕ್ಕದ್ದು. ೧೯೩೩ರಲ್ಲಿ ಕೋಡಿ ಹರಿದ ಆ ಜಲಾಶಯವು ಮತ್ತೆ ಕೋಡಿಬಿದ್ದುದು ೮೯ ವರ್ಷಗಳ ತರುವಾಯ ೨೦೨೨ರಲ್ಲಿ. ಆ ವರ್ಷದ ವಿಶೇಷ ಮಳೆಯೊಡನೆ ಭದ್ರೆಯಿಂದ ತಂದ ನೀರೂ ಅದಕ್ಕೆ ಸಹಾಯವಾಯಿತು. ಬೇರೆ ನದಿಯಿಂದ ನೀರನ್ನು ತರುವುದು ದೊಡ್ಡ ವೆಚ್ಚದ ಕೆಲಸ. ಸ್ವಂತ ಹಳ್ಳದ ನೀರನ್ನು ಕಾಪಾಡಿಕೊಳ್ಳುವುದು ಪ್ರತಿಯೊಂದು ಗ್ರಾಮಕ್ಕೂ ಸಾಧ್ಯವಾದ ಕೆಲಸ.

ಊರಿಗೆ ಬಂದ ಮೇಲೆ

ಸಂಚಾರ ಮುಗಿದ ವಾರದೊಳಗಾಗಿ ಗ್ರಾಮದ ಮುಖಂಡರು ಸಭೆ ಸೇರಿಸಿ ಕೆಳಗಿನ ಕೆಲಸಗಳನ್ನು ಆರಂಭಿಸತಕ್ಕದ್ದು.

(೧) ಊರಿನ ಕೆರೆಗೆ ನೀರು ಬರುವ ಗುಡ್ಡ, ಗೋಮಾಳ ಮತ್ತು ಹಳ್ಳಗಳನ್ನು ತಂಡದವರೇ ನಡೆದು ನೋಡಿ, ಒಂದು ಸರಳವಾದ ನಕ್ಷೆಯನ್ನು ಬರೆಯುವುದು.

(೨) ಗುಡ್ಡದ ಮೇಲೆ ಚೊಂಬಿನ ಪರೀಕ್ಷೆಯನ್ನು ನಾಲ್ಕಾರು ಸ್ಥಳಗಳಲ್ಲಿ ಮಾಡಿ, ನೀರು ಇಂಗದೆ ಹರಿಯುವ ಜಾಗಗಳನ್ನು ಗುರುತಿಸುವುದು. ಅಂಥ ಜಾಗಗಳಲ್ಲಿ ಸರದಿಯ ಮೇಲೆ ಮೇವನ್ನು ನಿಲ್ಲಿಸಿ ಹುಲ್ಲಿಗೆ ಬಿಡುವು ಕೊಡುವುದು. ಇದನ್ನು ಕುರಿ ದನಗಳನ್ನು ಮೇಯಿಸುವವರ ಒಪ್ಪಿಗೆಯಿಂದಲೇ ನಡೆಸಬೇಕು. ಬೇರೆ ಮೇವನ್ನು ತೋರಿಸದೆ ನಿಷೇಧಿಸಿದರೆ ನಿಲ್ಲದು.

(೩) ಮಾಘಮಾಸದೊಳಗೆ ಗುಡ್ಡದ ಸುತ್ತಲೂ ಒಣಹುಲ್ಲನ್ನು ಕೆತ್ತಿ ಬೆಂಕಿರೇಖೆಯನ್ನು ತೆಗೆಯುವುದು. ಹೊಸ ಹುಲ್ಲಿಗಾಗಿ ಬೆಂಕಿಯಿಡುವ ಅಭ್ಯಾಸವನ್ನು ಬಿಡಿಸುವುದು.

(೪) ಇಳಿಜಾರಿನ ಹೊಲ ತೋಟಗಳಲ್ಲಿ ಮುಂಗಾರಿಗೆ ಮುಂಚೆ ತೊಟ್ಟಿಲುಗುಂಡಿಗಳನ್ನು ತೆಗೆಯುವುದು. ಮೊದಲು ದೊಡ್ಡ ಹಿಡುವಳಿದಾರರೇ ತಮ್ಮ ಜಮೀನಿನಲ್ಲಿ ಮಾಡಿ ತೋರಿಸಿದರೆ ಉಳಿದವರು ಅನುಸರಿಸುವರು.

(೫) ಕೆರೆಗೆ ನೀರು ತರುವ ಕಾಲುವೆಗಳ ಒತ್ತುವರಿಯನ್ನು ಬಿಡಿಸಿ, ಹೂಳನ್ನು ತೆಗೆಯುವುದು. ಒತ್ತುವರಿಯು ಮುಖಂಡರದೇ ಆಗಿದ್ದರೆ ಅಲ್ಲಿಂದಲೇ ಆರಂಭಿಸುವುದು.

ಕೊನೆಯದಾಗಿ ಮತ್ತೊಂದು ಮಾತು ಹೇಳಬೇಕಾಗಿರುವುದು. ಗಿರಿಗೆ ಹೋಗುವವರ ಸಂಖ್ಯೆಯು ಹೆಚ್ಚಿದಷ್ಟೂ ಗಿರಿಯ ಮೇಲಿನ ಭಾರವು ಹೆಚ್ಚುವುದು. ರೈತರ ತಂಡವೂ ಈ ಭಾರದಲ್ಲಿ ಸೇರಿದುದೇ. ಆದಕಾರಣ ಪ್ರತಿವರ್ಷವೂ ಅದೇ ಜನರು ಹೋಗದೆ, ಒಂದು ಊರಿನಿಂದ ಒಮ್ಮೆ ಒಂದು ತಂಡ ಹೋಗಿ, ಕಂಡುದನ್ನು ಉಳಿದವರಿಗೆ ತಮ್ಮ ಗುಡ್ಡದಲ್ಲಿಯೇ ತೋರಿಸುವಂತಾಗಬೇಕು. ಪ್ರತಿಯೊಂದು ಊರಿನ ಕೆರೆಯ ಹಿಂದೆಯೂ ಒಂದು ಸಣ್ಣ ಗಿರಿಯಿರುವುದು. ಅದನ್ನು ಬಲ್ಲ ಹಿರಿಯರೂ ಊರಿನಲ್ಲಿಯೇ ಇರುವರು. ಅಂಥವರನ್ನು ಮುಂದಿಟ್ಟುಕೊಂಡು ಮುಂದಿನ ಮಳೆಗಾಲಕ್ಕೆ ಮೊದಲೇ ಕೆಲಸವನ್ನು ಕೈಗೊಂಡರೆ, ಒಂದು ದಿನದ ಪ್ರಯಾಣದ ವೆಚ್ಚವು ಅಚ್ಚುಕಟ್ಟಿನ ಕೊನೆಯ ಗದ್ದೆಯವರೆಗೂ ಫಲವನ್ನು ಕೊಡುವುದರಲ್ಲಿ ಸಂದೇಹವಿಲ್ಲ.